ನದಿಗೆ ಸೇರದಿರಲಿ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಈಶಾನ್ಯ ಮೂಲೆಯಲ್ಲಿ ನ್ಯೂ ಇಂಗ್ಲೆಂಡ್ ಎಂಬ ಎತ್ತರದ ಪ್ರಸ್ಥಭೂಮಿ ಇದೆ. ಅದರ ಪೂರ್ವದ ಅಂಚಿನಿಂದ ಇಳಿಯುವ ಮ್ಯಾನ್, ಬಾಯ್ಡ್, ನಿಂಬೋಯ್ಡಾ ನದಿಗಳು ಕಣಿವೆಗಳಲ್ಲಿ ಒಂದಕ್ಕೊಂದು ಸೇರುತ್ತ ಕೊನೆಗೆ ಕ್ಲಾರೆನ್ಸ್ ನದಿಯಲ್ಲಿ ಒಂದಾಗಿ, ಯಾಂಬಾ ಎಂಬ ಊರಿನ ಬಳಿ ಪೆಸಿಫಿಕ್ ಸಾಗರಕ್ಕೆ ಹೋಗುತ್ತವೆ. ಕ್ಲಾರೆನ್ಸ್ ಸುಮಾರು 394 ಕಿ.ಮೀ. ಉದ್ದದ ನದಿ. ಅದರ ಜಲಾನಯನ 22,000 ಚದರ ಕಿ.ಮೀ.ಗೂ ಮಿಕ್ಕಿದ್ದು. ಬುಂಜಲಂಗ್, ಗುಂಬೈಂಗಿರ್, ಯೇಗಲ್ ಜನ ಸಾವಿರಾರು ವರ್ಷಗಳಿಂದ ಬಾಳುತ್ತ ಬಂದ ನೆಲ ಇದು.

ಈ ನದಿಗಳ ಮೇಲ್ಭಾಗದಲ್ಲಿ ಬಹುಪಾಲು ಕಾಡೇ ತುಂಬಿರುವ ಖಾಸಗಿ ಜಮೀನುಗಳಿವೆ. ಕೆಲವು ಮಾಲೀಕರು ಒಂದಿಷ್ಟು ಬಾಡಿಗೆ ಪಡೆದು ದಂಡೆಯಲ್ಲಿ ಬಿಡಾರ ಹೂಡಲು ಬಿಡುತ್ತಾರೆ. ಹೆದ್ದಾರಿ ಬಿಟ್ಟು ಮಣ್ಣಿನ ರಸ್ತೆಗಿಳಿದು, ದನ ದಾಟದಂತೆ ಹಾಕಿದ ಗೇಟು ತೆಗೆದು, ಮತ್ತೆ ಮುಚ್ಚಿ, ಒಂದೆರಡು ತೋಡು ದಾಟಿದರೆ ನದಿ. ಅಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಕಕ್ಕಸಿಲ್ಲ, ಕಸದ ಡಬ್ಬಿಯಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮಾಲೀಕರ ಷರತ್ತು ಸಾಮಾನ್ಯವಾಗಿ ಒಂದೇ: ಬೇಕಾದ್ದನ್ನೆಲ್ಲ ತನ್ನಿ, ತಂದದ್ದನ್ನೆಲ್ಲ ಒಯ್ಯಿರಿ.

ಈ ಷರತ್ತಿನ ಮೊದಲರ್ಧಕ್ಕೆ ಬೇಕಾದ ಸಲಕರಣೆಯೆಲ್ಲ ಇಂದು ಅಂಗಡಿಯಲ್ಲಿ ಸಿಗುತ್ತದೆ. ಸೌರಫಲಕ, ಲಿಥಿಯಂ ಬ್ಯಾಟರಿ, ಪುಟ್ಟ ಫ್ರಿಜ್, ನೀರಿನ ಫಿಲ್ಟರು, ಎಲ್ಲವೂ ಕಾರಿನ ಹಿಂಬದಿಯಲ್ಲಿ ಹಿಡಿಸುತ್ತವೆ. ಸ್ವಾವಲಂಬಿ ಬಿಡಾರ ಎಂದರೆ ಇಷ್ಟೇ ಎಂದುಕೊಂಡು ಹೊರಡುವವರು ಬಹಳ. ವಿಜ್ಞಾನ ನಿಜಕ್ಕೂ ಗಟ್ಟಿಯಾಗುವುದು ಎರಡನೆಯ ಅರ್ಧದಲ್ಲಿ. ಮುಸುರೆ ನೀರು, ಸೋಪಿನ ನೊರೆ, ಮಲಮೂತ್ರ, ಬೂದಿ, ಬೂಟಿನ ಕೆಸರು, ಇವೆಲ್ಲ ಎಲ್ಲಿಗೆ ಹೋಗುತ್ತವೆ? ಪೇಟೆಯ ಮನೆಯಲ್ಲಿ ಅದನ್ನು ಕೇಳುವ ಪ್ರಮೇಯವೇ ಬರುವುದಿಲ್ಲ, ಪೈಪು ಹೊತ್ತೊಯ್ಯುತ್ತದೆ. ನದಿದಂಡೆಯಲ್ಲಿ ಪೈಪಿನ ಜಾಗದಲ್ಲಿ ಇರುವುದು ನದಿಯೊಂದೇ. ಇಳಿಜಾರು ಇರುವುದೂ ಅತ್ತಲೇ.

ಮೊದಲು ಜಾಗದ ಮಾತು. ನೀರಿಗೆ ತೀರ ಹತ್ತಿರದ ಮರಳಿನ ತಟ್ಟು ಕಣ್ಣಿಗೆ ಚೆಂದ, ಬಿಡಾರಕ್ಕೆ ಒಳ್ಳೆಯದಲ್ಲ. ದಂಡೆಯುದ್ದಕ್ಕೂ ನಿಂತಿರುವ ಗಾಳಿ ಮರಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ನಮ್ಮ ಕರಾವಳಿಯ ಮರಳಿನಲ್ಲಿ ನೆಟ್ಟು ಬೆಳೆಸಿದ ಗಾಳಿ ಮರದ ಹತ್ತಿರದ ಸಂಬಂಧಿ ಇದು, ಕ್ಯಾಸುರಿನಾ ಕನಿಂಗ್‌ಹ್ಯಾಮಿಯಾನಾ. ಸೂಜಿಯಂತೆ ಕಾಣುವುದು ಎಲೆಯಲ್ಲ, ಹಸಿರು ಕಡ್ಡಿ. ಒಂದು ಕಡ್ಡಿ ಕಿತ್ತು ಕಣ್ಣ ಹತ್ತಿರ ಹಿಡಿದರೆ ಗಿಣ್ಣು ಗಿಣ್ಣಿಗೂ ಹಲ್ಲಿನಂಥ ಕಿರು ಉಂಗುರ ಕಾಣುತ್ತದೆ. ಆ ಹಲ್ಲುಗಳೇ ಎಲೆ. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ವಾಸವಿದ್ದು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಬರೀ ಜಲ್ಲಿಯಲ್ಲೂ ಈ ಮರ ಬೇರೂರುತ್ತದೆ, ದಂಡೆ ಕುಸಿಯದಂತೆ ಹಿಡಿದಿಡುತ್ತದೆ. ಈಗ ತಲೆಯೆತ್ತಿ. ಕವಲುಗಳ ನಡುವೆ ಒಣಹುಲ್ಲು, ಕಡ್ಡಿ, ಬೇಲಿಯ ತಂತಿ ಸುತ್ತಿಕೊಂಡು ಕೂತಿರುವುದು ಕಾಣುತ್ತದೆ. ಹೋದ ನೆರೆ ಬಂದ ಎತ್ತರ ಅದು. ಮರಗಳ ಕಾಂಡವೂ ಪ್ರವಾಹ ಹೋದ ದಿಕ್ಕಿಗೇ ಬಾಗಿರುತ್ತದೆ. ಯಾವ ನಕ್ಷೆಗಿಂತಲೂ ಸ್ಪಷ್ಟವಾದ ದಾಖಲೆ ಇದು, ಓದಬೇಕಷ್ಟೆ.

ಗುಡುಗು ಮಳೆ ಬೀಳುವುದು ಎಷ್ಟೋ ಸಲ ಪ್ರಸ್ಥಭೂಮಿಯ ಮೇಲೆ, ಬಿಡಾರದ ನೆತ್ತಿಯ ಮೇಲಲ್ಲ. ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೇ ನೀರು ಏರಿ ಬರಬಹುದು. ಹರಿವ ನೀರಿನ ನೂಕುಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಸುಮಾರು 30 ಸೆಂ.ಮೀ. ಆಳದ ಹರಿವು ಚಿಕ್ಕ ಕಾರನ್ನು ತೇಲಿಸಲು ಸಾಕು. ಪಕ್ಕದ ರಿಚ್ಮಂಡ್ ಕಣಿವೆಯ ಲಿಸ್ಮೋರ್ ಪಟ್ಟಣದಲ್ಲಿ 2022ರ ಫೆಬ್ರುವರಿ 28ರಂದು ವಿಲ್ಸನ್ಸ್ ನದಿ 14.4 ಮೀಟರ್ ಏರಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. ಆದ್ದರಿಂದ ಟೆಂಟು ಮೇಲಿನ ತಟ್ಟಿನಲ್ಲಿರಲಿ. ಬರುವ ದಾರಿಯಲ್ಲಿ ದಾಟಿದ ತೋಡುಗಳೂ ನೆನಪಿರಲಿ, ನದಿಗಿಂತ ಮೊದಲು ತುಂಬುವುದು ಅವೇ.

ಮೇಲಿನ ತಟ್ಟಿಗೆ ಇನ್ನೊಂದು ಅನುಕೂಲವಿದೆ. ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಸೂಸಿ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ತುಂಬಿಕೊಳ್ಳುತ್ತದೆ. ಚಳಿ, ಮಂಜು, ಟೆಂಟಿನ ಒಳಮೈಯಲ್ಲಿ ಇಳಿಯುವ ಹನಿ ಎಲ್ಲ ಅಲ್ಲೇ ಹೆಚ್ಚು. ಸ್ವಲ್ಪ ಏರು ಹತ್ತಿದರೂ ಮೈಗೆ ಗೊತ್ತಾಗುವಷ್ಟು ಬೆಚ್ಚಗಿರುತ್ತದೆ.

ಮೇಲಿನ ತಟ್ಟಿನಲ್ಲಿ ಕಾಣುವ ದೊಡ್ಡ ಮರಗಳಲ್ಲಿ ಒಂದು ನಮಗೆ ಚೆನ್ನಾಗಿ ಗೊತ್ತಿರುವಂಥದು. ಯೂಕಲಿಪ್ಟಸ್ ಟೆರೆಟಿಕಾರ್ನಿಸ್, ಅಲ್ಲಿನವರ ಬಾಯಲ್ಲಿ ಫಾರೆಸ್ಟ್ ರೆಡ್ ಗಮ್. ನಂದಿಬೆಟ್ಟದಲ್ಲಿ ಬೇರುಬಿಟ್ಟು, ಅಲ್ಲಿಂದ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ಕರ್ನಾಟಕದ ನೆಡುತೋಪುಗಳಿಗೆಲ್ಲ ಹಬ್ಬಿದ ನೀಲಗಿರಿ ಮುಖ್ಯವಾಗಿ ಇದೇ ಜಾತಿಯಿಂದ ಬಂದದ್ದು. ಇಲ್ಲಿ ನಾವು ಅದನ್ನು ಸಾಲುಗಟ್ಟಿ ನಿಂತ ಏಳೆಂಟು ವರ್ಷದ ಕಂಬಗಳಾಗಿ ಮಾತ್ರ ಬಲ್ಲೆವು. ಅಲ್ಲಿ ಅದು ತುಂಬು ವಯಸ್ಸಿನ ಮರ. ಪೊಟರೆಗಳಲ್ಲಿ ಗಿಳಿ, ಗೂಬೆ, ಪಾಸಮ್ ಸಂಸಾರ ಹೂಡುತ್ತವೆ, ಎಲೆಯನ್ನು ಕೋಲಾ ತಿನ್ನುತ್ತದೆ. ಅದರ ಸ್ವಂತ ಊರಿನಲ್ಲಿ ನಿಂತು ನೋಡಿದಾಗ ಈ ಮರದ ಮೇಲೆ ಗೌರವ ಮೂಡುತ್ತದೆ. ಆದರೆ ಅದರಡಿ ಮಲಗಬಾರದು. ಗಮ್ ಮರಗಳು ಗಾಳಿಯೇ ಇಲ್ಲದ ಬಿರುಬಿಸಿಲಿನ ಮಧ್ಯಾಹ್ನವೂ ದಪ್ಪ ಕೊಂಬೆಯನ್ನು ಇದ್ದಕ್ಕಿದ್ದಂತೆ ಕಳಚಿ ಹಾಕುವುದುಂಟು.

ವಿದ್ಯುತ್ತಿನ ವಿಷಯದಲ್ಲಿ ಭಾರತದಿಂದ ಹೋದವರು ಮೊದಲು ಮರೆಯಬೇಕಾದ ಅಭ್ಯಾಸ ದಿಕ್ಕಿನದು. ನಮ್ಮಲ್ಲಿ ಫಲಕವನ್ನು ದಕ್ಷಿಣಕ್ಕೆ ವಾಲಿಸುತ್ತೇವೆ. ಕ್ಲಾರೆನ್ಸ್ ಕಣಿವೆ ಇರುವುದು ಸುಮಾರು 29.5 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ 84 ಡಿಗ್ರಿ ಎತ್ತರದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಜೂನಿನಲ್ಲಿ ಕೇವಲ 37 ಡಿಗ್ರಿಯಲ್ಲಿ. ಕಣಿವೆಯ ಉತ್ತರಕ್ಕೆ ಗುಡ್ಡವಿದ್ದರೆ ಚಳಿಗಾಲದ ಬಿಸಿಲು ಇನ್ನೂ ಗಿಡ್ಡವಾಗುತ್ತದೆ.

ನೆರಳಿನ ಕತೆ ಇದಕ್ಕಿಂತ ಸೂಕ್ಷ್ಮ. ಸಾಮಾನ್ಯ 12 ವೋಲ್ಟ್ ಫಲಕದಲ್ಲಿ 36 ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಕರೆಂಟು ಎಲ್ಲದರ ಮೂಲಕವೂ ಹಾಯಬೇಕು. ಒಂದೇ ಒಂದು ಕೋಶದ ಮೇಲೆ ಗಮ್ ಮರದ ಒಣ ಎಲೆ ಬಿದ್ದರೆ ಆ ಕೋಶ ಇಡೀ ಸಾಲನ್ನೇ ಹಿಡಿದು ನಿಲ್ಲಿಸುತ್ತದೆ. ಅದಕ್ಕೆಂದೇ ಹದಿನೆಂಟು ಕೋಶಗಳಿಗೊಂದು ಬೈಪಾಸ್ ಡಯೋಡ್ ಇಟ್ಟು, ತೊಡಕಿನ ಸಾಲನ್ನು ಬಳಸಿ ಕರೆಂಟು ಹೋಗಲು ದಾರಿ ಮಾಡಿರುತ್ತಾರೆ. ಆಗಲೂ ಅರ್ಧ ಫಲಕ ಕೈಬಿಟ್ಟಂತೆಯೇ. ಮೀಟರಿನ ಮೇಲೆ ಕಣ್ಣಿಟ್ಟುಕೊಂಡು ಒಂದು ಅಂಗೈಯನ್ನು ಫಲಕದ ಮೂಲೆಯ ಮೇಲೆ ಚಾಚಿ ನೋಡಿ, ಅಂಕಿ ಅರ್ಧಕ್ಕೆ ಕುಸಿಯುತ್ತದೆ. ಬಿಸಿಲಿನಲ್ಲಿ ಫಲಕ, ನೆರಳಿನಲ್ಲಿ ಟೆಂಟು, ನಡುವೆ ಉದ್ದನೆಯ ತಂತಿ, ಹೀಗಿದ್ದರೆ ಸರಿ.

ಲೆಕ್ಕ ಸರಳ. 40 ಲೀಟರಿನ ಕಂಪ್ರೆಸರ್ ಫ್ರಿಜ್ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 500 ವ್ಯಾಟ್-ಗಂಟೆ ತಿನ್ನುತ್ತದೆ. ದೀಪ, ಫೋನು, ಪುಟ್ಟ ಪಂಪು ಸೇರಿ ಇನ್ನೊಂದು ನೂರು. 200 ವ್ಯಾಟ್ ಫಲಕ ಒಳ್ಳೆಯ ದಿನ ಐದು ಗಂಟೆ ಪೂರ್ಣ ಬಿಸಿಲಿಗೆ ಸಮನಾಗಿ ದುಡಿದರೆ, ಕಾವು, ತಂತಿ, ಕೋನದ ನಷ್ಟ ಕಳೆದು 700 ವ್ಯಾಟ್-ಗಂಟೆ ಕೈಗೆ ಬರುತ್ತದೆ. 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ತುಂಬಿದಾಗ ಇರುವುದು 1,280 ವ್ಯಾಟ್-ಗಂಟೆ, ಅಂದರೆ ಎರಡು ಮೋಡದ ದಿನಗಳ ಮಟ್ಟಿಗೆ ಧೈರ್ಯ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಲಿಥಿಯಂ ಗ್ರ್ಯಾಫೈಟಿನೊಳಗೆ ಇಳಿಯದೆ ಮೇಲ್ಮೈಯಲ್ಲೇ ಲೋಹವಾಗಿ ಕೂತು ಬ್ಯಾಟರಿಯನ್ನು ಕೆಡಿಸುತ್ತದೆ.

ಈ ಲೆಕ್ಕ ತಲೆಕೆಳಗಾಗುವುದು ಕಾಯಿಸಲು ಹೊರಟಾಗ. ಒಂದು ಲೀಟರ್ ನೀರನ್ನು 15 ಡಿಗ್ರಿಯಿಂದ ಕುದಿಗೆ ಏರಿಸಲು ಸುಮಾರು 356 ಕಿಲೋಜೂಲ್, ಅಂದರೆ 100 ವ್ಯಾಟ್-ಗಂಟೆ ಬೇಕು. ಆ ದೊಡ್ಡ ಬ್ಯಾಟರಿ ಬರೀ ಹನ್ನೆರಡು ಲೀಟರ್ ನೀರು ಕಾಯಿಸಿ ಬರಿದಾಗುತ್ತದೆ! ಅದೇ ಒಂದು ಕಿಲೋ ಒಣ ಸೌದೆಯಲ್ಲಿ 16 ಮೆಗಾಜೂಲ್ ಇದೆ. ಮೂರು ಕಲ್ಲಿನ ಒಲೆ ಅದರ ಹತ್ತನೆಯ ಒಂದು ಭಾಗವನ್ನಷ್ಟೇ ಪಾತ್ರೆಗೆ ಮುಟ್ಟಿಸಿದರೂ ನಾಲ್ಕು ಲೀಟರ್ ಕುದಿಯುತ್ತದೆ. ಬೆಳಕು, ತಂಪು, ಸಂಪರ್ಕಕ್ಕೆ ವಿದ್ಯುತ್ತು, ಕಾವಿಗೆ ಗ್ಯಾಸು ಇಲ್ಲವೇ ಬೆಂಕಿ ಎಂಬ ವಿಂಗಡಣೆ ಬಂದದ್ದು ಹೀಗೆ.

ಫ್ರಿಜ್ ಇಲ್ಲದೆಯೂ ತಂಪು ಮಾಡಬಹುದು, ಆಸ್ಟ್ರೇಲಿಯಾದವರು ಮಾಡಿದ್ದರು ಕೂಡ. ದೇಶದ ಮತ್ತೊಂದು ತುದಿಯ ಕೂಲ್‌ಗಾರ್ಡಿಯಲ್ಲಿ 1892ರಲ್ಲಿ ಚಿನ್ನ ಸಿಕ್ಕಾಗ ಆ ಬೆಂಗಾಡಿಗೆ ಜನ ಮುಗಿಬಿದ್ದರು. ಅಲ್ಲಿ ಆರ್ಥರ್ ಮೆಕಾರ್ಮಿಕ್ ಎಂಬಾತ ಒಂದು ಕಪಾಟು ರೂಪಿಸಿದ. ಸುತ್ತ ಗೋಣಿತಟ್ಟು, ಮೇಲೊಂದು ತಟ್ಟೆಯಲ್ಲಿ ನೀರು, ತಟ್ಟೆಯಿಂದ ಇಳಿಬಿಟ್ಟ ಬಟ್ಟೆಯ ಚೂರುಗಳು ಗೋಣಿಯನ್ನು ಸದಾ ಒದ್ದೆಯಾಗಿಡುತ್ತಿದ್ದವು. ‘ಕೂಲ್‌ಗಾರ್ಡಿ ಸೇಫ್’ ಎಂದೇ ಅದು ಹೆಸರಾಯಿತು. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿಂದ ಸುಮಾರು 2,400 ಕಿಲೋಜೂಲ್ ಕಾವನ್ನು ಸೆಳೆದುಕೊಳ್ಳುತ್ತದೆ. ಗಾಳಿ 36 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಒದ್ದೆ ಬಟ್ಟೆ 20 ಡಿಗ್ರಿಯ ತನಕ ತಣಿಯಬಲ್ಲದು. ಅದೇ 30 ಡಿಗ್ರಿ, ಶೇ. 80 ತೇವಾಂಶದಲ್ಲಿ 27ಕ್ಕಿಂತ ಕೆಳಗಿಳಿಯದು. ರಾಯಚೂರಿನ ಬೇಸಿಗೆಯಲ್ಲಿ ಹಲ್ಲು ಜುಮ್ಮೆನ್ನುವ ಮಡಕೆಯ ನೀರು ಮಂಗಳೂರಿನಲ್ಲಿ ಉಗುರುಬೆಚ್ಚಗೇ ಉಳಿಯುವುದಕ್ಕೂ ಇದೇ ಕಾರಣ. ಕ್ಲಾರೆನ್ಸ್ ಕಣಿವೆಯಲ್ಲಿ ಎರಡೂ ಬಗೆಯ ದಿನಗಳಿವೆ: ಪಶ್ಚಿಮದಿಂದ ಒಣಗಾಳಿ ಬೀಸುವ ವಸಂತದಲ್ಲಿ ಒದ್ದೆ ಗೋಣಿ ಕೆಲಸ ಮಾಡುತ್ತದೆ, ಫೆಬ್ರುವರಿಯ ಧಗೆಯಲ್ಲಿ ಕೈಕೊಡುತ್ತದೆ.

ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವುದು ಲೇಸು. ಮುಗಿದರೆ ನದಿ ಇದೆ, ಆದರೆ ಮೇಲೆ ದನ ಮೇಯುವ ನದಿ ಎಷ್ಟೇ ತಿಳಿಯಾಗಿದ್ದರೂ ನೇರ ಕುಡಿಯುವಂಥದಲ್ಲ. ಜಿಯಾರ್ಡಿಯಾ ಕೋಶ 8ರಿಂದ 12 ಮೈಕ್ರಾನ್, ಕ್ರಿಪ್ಟೊಸ್ಪೊರಿಡಿಯಂ 4ರಿಂದ 6 ಮೈಕ್ರಾನ್. 0.1 ಮೈಕ್ರಾನ್ ರಂಧ್ರದ ಕೊಳವೆ-ಎಳೆಯ ಫಿಲ್ಟರು ಇವೆರಡನ್ನೂ, ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ವೈರಸ್ಸುಗಳಲ್ಲಿ ಹಲವು ಅದಕ್ಕಿಂತ ಚಿಕ್ಕವು. ಕ್ಲೋರಿನ್ ಮಾತ್ರೆಗೆ ವೈರಸ್ ಸಾಯುತ್ತದೆ, ಕ್ರಿಪ್ಟೊಸ್ಪೊರಿಡಿಯಂ ಜಗ್ಗುವುದಿಲ್ಲ. ಒಂದು ನಿಮಿಷ ಕೊತಕೊತ ಕುದಿಸಿದರೆ ಎಲ್ಲವೂ ಸಾಯುತ್ತವೆ. ನಿಜಕ್ಕೂ 70 ಡಿಗ್ರಿ ದಾಟಿದ ಸ್ವಲ್ಪ ಹೊತ್ತಿಗೇ ಅವು ಮುಗಿದಿರುತ್ತವೆ, ಕುದಿ ಎಂಬುದು ಥರ್ಮಾಮೀಟರ್ ಇಲ್ಲದವರಿಗೆ ಕಣ್ಣಿಗೆ ಕಾಣುವ ಗುರುತು. ಕುದಿಸಿದರೂ ಹೋಗದ ಒಂದು ವಿಷವಿದೆ, ನೀಲಿ-ಹಸಿರು ಪಾಚಿಯದು. ಆ ಪಾಚಿ ಏಕೆ ಬರುತ್ತದೆ ಎಂದು ಕೇಳಿದರೆ ಮಾತು ನಮ್ಮ ಮುಸುರೆ ಬಕೆಟ್ಟಿಗೇ ಬಂದು ನಿಲ್ಲುತ್ತದೆ.

ಪಾಚಿಯ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕಗಳು ಹೆಚ್ಚುಕಡಿಮೆ ಗೊತ್ತಾದ ಪ್ರಮಾಣದಲ್ಲಿರುತ್ತವೆ. ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಸಾಗರದ ತೇಲುಜೀವಿಗಳಲ್ಲಿ ಗುರುತಿಸಿದ ಅನುಪಾತದ ಇಂದಿನ ರೂಪದಲ್ಲಿ, ಒಂದು ರಂಜಕದ ಪರಮಾಣುವಿಗೆ 16 ಸಾರಜನಕ, 106 ಇಂಗಾಲ. ಇದನ್ನು ತೂಕಕ್ಕೆ ತಿರುಗಿಸಿದರೆ ಒಂದು ಗ್ರಾಂ ರಂಜಕದಿಂದ ನೂರು ಗ್ರಾಮಿಗೂ ಹೆಚ್ಚು ಒಣ ಪಾಚಿ ಬೆಳೆಯಬಲ್ಲದು. ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ನದಿಯಲ್ಲಿ ಯಥೇಚ್ಛವಿದೆ. ಕೊರತೆ ಇರುವುದು ರಂಜಕಕ್ಕೆ, ಅದರಲ್ಲೂ ಆಸ್ಟ್ರೇಲಿಯಾದ ಬಹು ಹಳೆಯ, ತೊಳೆದುಹೋದ ಮಣ್ಣಿನಲ್ಲಿ. ಆ ಕೊರತೆಯೇ ನದಿಯನ್ನು ತಿಳಿಯಾಗಿಟ್ಟಿದೆ. ಪ್ರಸ್ಥಭೂಮಿಯ ಆಚೆ ಬದಿಗೆ ಹರಿಯುವ ಬಾರ್ವನ್-ಡಾರ್ಲಿಂಗ್ ನದಿಯಲ್ಲಿ 1991ರ ಕೊನೆಯಲ್ಲಿ ಹರಿವು ಕುಂದಿ, ಪೋಷಕಾಂಶ ಹೆಚ್ಚಿ, ಸುಮಾರು 1,000 ಕಿ.ಮೀ. ಉದ್ದಕ್ಕೆ ವಿಷದ ನೀಲಿ-ಹಸಿರು ಪಾಚಿ ಹಬ್ಬಿತು. ಸರ್ಕಾರ ತುರ್ತು ಪರಿಸ್ಥಿತಿ ಸಾರಬೇಕಾಯಿತು. ಅದಕ್ಕೆ ಕಾರಣ ಬಿಡಾರ ಹೂಡಿದವರಲ್ಲ, ನಿಜ. ಆದರೆ ಬೇಸಿಗೆಯ ಕೊನೆಗೆ ಹರಿವು ನಿಂತು ಮಡುಗಳಷ್ಟೇ ಉಳಿದಾಗ ಒಂದು ಮಡುವಿನ ದಂಡೆಯಲ್ಲಿ ಹತ್ತಿಪ್ಪತ್ತು ಜನ ವಾರಗಟ್ಟಲೆ ಇದ್ದರೆ ಅದೇ ರಸಾಯನಶಾಸ್ತ್ರ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ.

ವಯಸ್ಕ ಮನುಷ್ಯನ ಒಂದು ದಿನದ ಮೂತ್ರದಲ್ಲಿ ಸುಮಾರು 10 ಗ್ರಾಂ ಸಾರಜನಕ, 1 ಗ್ರಾಂ ರಂಜಕ ಇರುತ್ತದೆ. ಅದನ್ನು ನದಿಯಲ್ಲಿ ನಿಂತು ಬಿಟ್ಟರೆ ನೂರು ಗ್ರಾಂ ಪಾಚಿಗೆ ಗೊಬ್ಬರ. ಅದೇ ಮೇಲಿನ ತಟ್ಟಿನ ಮಣ್ಣಿಗೆ ಹೋದರೆ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಸಾರಜನಕವನ್ನು ಬೇರುಗಳು, ಸೂಕ್ಷ್ಮಜೀವಿಗಳು ಹಂಚಿಕೊಳ್ಳುತ್ತವೆ. ದಿನವೂ ಒಂದೇ ಗಿಡದ ಬುಡ ಮಾತ್ರ ಬೇಡ. ಬ್ಯಾಂಕ್ಸಿಯಾ, ಗ್ರೆವಿಲಿಯಾದಂಥ ಗಿಡಗಳು ರಂಜಕದ ಬರಕ್ಕೆ ಎಷ್ಟು ಒಗ್ಗಿವೆಯೆಂದರೆ ಅದು ಹೆಚ್ಚಾದರೆ ಅವಕ್ಕೆ ವಿಷವಾಗುತ್ತದೆ.

ಮಲದ ವಿಷಯ ಬರೆಯಲು ನಮ್ಮ ಪುಸ್ತಕಗಳಿಗೆ ಸಂಕೋಚ. ಬರೆಯದೆ ಬಿಟ್ಟರೆ ಈ ಅಧ್ಯಾಯಕ್ಕೆ ಅರ್ಥವಿಲ್ಲ. ನೀರಿನಿಂದ ಕನಿಷ್ಠ 100 ಮೀಟರ್ ದೂರ, 15 ಸೆಂ.ಮೀ. ಆಳದ ಕುಣಿ, ಮೇಲೆ ಮಣ್ಣು ಎಂಬುದು ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಡಿಗೆ ಹೋಗುವವರಿಗೆಲ್ಲ ಹೇಳುವ ನಿಯಮ. ಯಾಕೆ 15, ಯಾಕೆ ಅರ್ಧ ಮೀಟರಲ್ಲ? ಸನಿಕೆಯಿಂದ ನೆಲ ಅಗೆದಾಗ ಉತ್ತರ ಕಾಣುತ್ತದೆ. ಮೇಲೆ ತರಗೆಲೆ, ಅದರಡಿ ಬೇರಿನ ಜಾಲ ಹೆಣೆದ, ಪುಡಿಪುಡಿಯಾದ ಕಪ್ಪು ಮಣ್ಣು, ಒಂದು ಗೇಣು ದಾಟುತ್ತಲೇ ಬಣ್ಣ ತಿಳಿಯಾಗಿ ಬಿಗಿಯಾಗುವ ಮಣ್ಣು. ಕೊಳೆಸುವ ಜೀವಿಗಳ ಸಂತೆ ಇರುವುದು ಆ ಕಪ್ಪು ಪದರದಲ್ಲಿ, ಗಾಳಿ ಆಡುವಲ್ಲಿ. ಆಳಕ್ಕೆ ಹೋದಂತೆ ಆಮ್ಲಜನಕ ಕಡಿಮೆ, ಕೆಲಸವೂ ನಿಧಾನ. ದಂಡೆಯ ಮರಳಿನಲ್ಲಂತೂ ಹೂಳಲೇಬಾರದು. ಮರಳಿಗೆ ಹಿಡಿದಿಡುವ ಜೇಡಿಯಿಲ್ಲ, ಕೊಳೆಸುವ ಜೀವಿಗಳೂ ಕಡಿಮೆ, ಮುಂದಿನ ನೆರೆ ಎಲ್ಲವನ್ನೂ ಎತ್ತಿಕೊಂಡು ನದಿಗೇ ಹಾಕುತ್ತದೆ. ಒದ್ದೆ ಟಿಶ್ಯೂಗಳಲ್ಲಿ ಅನೇಕವು ಪಾಲಿಯೆಸ್ಟರ್ ಎಳೆಯವು, ಮಣ್ಣಿನಲ್ಲಿ ಕೊಳೆಯುವುದಿಲ್ಲ. ವಾಸನೆ ಹಿಡಿದು ಅಗೆಯುವ ಪ್ರಾಣಿಗಳೂ ಇವೆ. ಲೇಸ್ ಮಾನಿಟರ್ ಎಂಬ, ನಮ್ಮ ಉಡದ ಕುಲಕ್ಕೇ ಸೇರಿದ ದೈತ್ಯ ಓತಿ ಬಿಡಾರಗಳ ಸುತ್ತ ಸುಳಿದಾಡುತ್ತಲೇ ಇರುತ್ತದೆ.

ಹೆಚ್ಚು ದಿನ ಇರುವವರಿಗೆ, ಗುಂಪಿಗೆ, ಈ ಕುಣಿಗಳು ಸಾಲವು. ಅಂಥವರು ಮುಚ್ಚಳದ ಬಕೆಟ್ಟು, ಮರದ ಹೊಟ್ಟು, ಮೂತ್ರವನ್ನು ಬೇರೆಗೊಯ್ಯುವ ಆಸನ ಒಯ್ಯುತ್ತಾರೆ. ಎರಡನ್ನೂ ಬೇರ್ಪಡಿಸುವುದರಲ್ಲಿ ರಸಾಯನಶಾಸ್ತ್ರವಿದೆ. ಮೂತ್ರದ ಯೂರಿಯಾಕ್ಕೆ ಹೆಚ್ಚು ವಾಸನೆಯಿಲ್ಲ. ಮಲದ ಬ್ಯಾಕ್ಟೀರಿಯಾಗಳ ಯೂರಿಯೇಸ್ ಕಿಣ್ವ ತಾಗಿದಾಗ ಅದು ಒಡೆದು ಅಮೋನಿಯಾ ಆಗುತ್ತದೆ, ಮೂಗಿಗೆ ಹೊಡೆಯುವುದು ಅದು. ಮರದ ಹೊಟ್ಟು ತೇವ ಹೀರುತ್ತದೆ, ಗಾಳಿಗೆ ಎಡೆ ಕೊಡುತ್ತದೆ, ಕಡಿಮೆ ಬಿದ್ದ ಇಂಗಾಲವನ್ನು ಒದಗಿಸುತ್ತದೆ. ಆದರೆ ಇಷ್ಟು ಚಿಕ್ಕ ರಾಶಿ ರೋಗಾಣು ಸಾಯುವಷ್ಟು ಬಿಸಿಯಾಗದು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯಂತೆ 20 ಡಿಗ್ರಿಗಿಂತ ತಂಪಾದ ಕಡೆ ಒಂದೂವರೆಯಿಂದ ಎರಡು ವರ್ಷ ಸುಮ್ಮನೆ ಇಟ್ಟ ಮೇಲಷ್ಟೇ ಅದನ್ನು ಗೊಬ್ಬರವೆಂದು ಮುಟ್ಟಬಹುದು. ಹಾಗಾಗಿ ‘ಕಾಂಪೋಸ್ಟ್ ಕಕ್ಕಸು’ ಎಂದು ಮಾರುವ ಬಕೆಟ್ಟು ಬಿಡಾರದಲ್ಲಿ ಕಾಂಪೋಸ್ಟ್ ಮಾಡುವುದಿಲ್ಲ, ಜೋಪಾನವಾಗಿ ಹಿಡಿದಿಡುತ್ತದೆ. ಅದನ್ನು ಮುಚ್ಚಿಕೊಂಡು ವಾಪಸ್ ಒಯ್ಯಬೇಕು.

ಸೋಪಿನ ಬಗ್ಗೆ ಒಂದೇ ಮಾತು: ಡಬ್ಬಿಯ ಮೇಲೆ ‘ಜೈವಿಕವಾಗಿ ಕರಗುತ್ತದೆ’ ಎಂದು ಬರೆದಿದ್ದರೂ ಅದು ಕರಗುವುದು ಮಣ್ಣಿನ ಜೀವಿಗಳಿಂದ, ಸಮಯ ಕೊಟ್ಟಾಗ. ನದಿಯಲ್ಲಿ ಅದು ಮಾಡುವ ಮೊದಲ ಕೆಲಸ ನೀರಿನ ಮೇಲ್ಮೈ ಎಳೆತವನ್ನು ಸಡಿಲಿಸುವುದು. ಆ ಎಳೆತದ ಮೇಲೆಯೇ ಕಾಲೂರಿ ಓಡಾಡುವ ಕೀಟಗಳಿಗೆ ನೆಲವೇ ಕುಸಿದಂತೆ. ಮುಸುರೆಯನ್ನು ಸೋಸಿ, ಅಗುಳನ್ನು ಕಸದ ಚೀಲಕ್ಕೆ ಹಾಕಿ, ನೀರನ್ನು ದೂರದ ಮಣ್ಣಿನ ಮೇಲೆ ಅಗಲವಾಗಿ ಚೆಲ್ಲಬೇಕು.

ಇಷ್ಟೆಲ್ಲ ಯಾರಿಗಾಗಿ? ಆ ಮಡುಗಳಲ್ಲಿ ಈಸ್ಟರ್ನ್ ಫ್ರೆಶ್‌ವಾಟರ್ ಕಾಡ್ ಎಂಬ ಮೀನಿದೆ, ಮ್ಯಾಕಲೊಕೆಲ್ಲಾ ಇಕೈ. ಲೋಕದಲ್ಲಿ ಅದರ ಸಹಜ ನೆಲೆ ಕ್ಲಾರೆನ್ಸ್, ರಿಚ್ಮಂಡ್ ಕಣಿವೆಗಳ ಸುತ್ತಲಷ್ಟೇ. ಒಂದು ಕಾಲಕ್ಕೆ ಹೇರಳವಾಗಿದ್ದ ಈ ದೊಡ್ಡ ಮೀನು ಇಪ್ಪತ್ತನೆಯ ಶತಮಾನದಲ್ಲಿ ಅಳಿವಿನಂಚಿಗೆ ಬಂತು, ಈಗ ಅದನ್ನು ಹಿಡಿಯುವುದು ಅಪರಾಧ. ವಸಂತದಲ್ಲಿ ಹೆಣ್ಣು ಮುಳುಗಿದ ದಿಮ್ಮಿ, ಬಂಡೆಗಳ ಮೈಗೆ ಅಂಟು ಮೊಟ್ಟೆಗಳನ್ನಿಡುತ್ತದೆ, ಗಂಡು ಕಾವಲು ಕೂರುತ್ತದೆ. ಮ್ಯಾನ್, ನಿಂಬೋಯ್ಡಾ ನದಿಗಳ ಕೆಲವು ಭಾಗಗಳಲ್ಲಿ ಆಗಸ್ಟಿನಿಂದ ಅಕ್ಟೋಬರ್ ತನಕ ಗಾಳ ಹಾಕುವುದನ್ನೇ ನಿಷೇಧಿಸಿರುವುದು ಆ ಕಾವಲು ಮುರಿಯಬಾರದೆಂದು. ನದಿಗೆ ಬಿದ್ದ ದೊಡ್ಡ ಮರಗಳನ್ನು ಎತ್ತಿ ತೆಗೆಯುವುದನ್ನು ನ್ಯೂ ಸೌತ್ ವೇಲ್ಸ್‌ನ ಮೀನುಗಾರಿಕೆ ಕಾನೂನು ಜೀವಿಗಳಿಗೆ ಕುತ್ತು ತರುವ ಚಟುವಟಿಕೆಗಳ ಪಟ್ಟಿಯಲ್ಲೇ ಸೇರಿಸಿದೆ. ನೀರಂಚಿನ ದಿಮ್ಮಿಯನ್ನು ಸೌದೆಗೆಂದು ಎಳೆದು ತರುವಾಗ ನಾವು ಎಳೆದು ತರುವುದು ಒಂದು ಮೀನಿನ ಬಾಣಂತಿ ಕೋಣೆಯನ್ನು.

ಪ್ಲಾಟಿಪಸ್ ಕೂಡ ಅಲ್ಲೇ ಇದೆ. ನೀರಿಗಿಳಿದಾಗ ಅದು ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಕೊಕ್ಕಿನಲ್ಲಿರುವ ಸುಮಾರು 40,000 ವಿದ್ಯುತ್-ಗ್ರಾಹಕಗಳಿಂದ, ಸೀಗಡಿ, ಹುಳುಗಳ ಸ್ನಾಯು ಮಿಡಿದಾಗ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಹಿಡಿದು ಬೇಟೆಯಾಡುತ್ತದೆ. ತಳದ ಕೆಸರು ಕೆದಕುತ್ತ ಹೋಗುವಾಗ ಎದುರಿಗೆ ಒಂದು ರಬ್ಬರ್ ಬ್ಯಾಂಡೋ, ಕೂದಲಿನ ಬ್ಯಾಂಡೋ ಸಿಕ್ಕರೆ ಅದಕ್ಕೆ ಕಾಣುವುದಿಲ್ಲ. ತಲೆ ತೂರಿ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಬಾರದೆ ಚರ್ಮ ಸೀಳುತ್ತ ಹೋಗುತ್ತದೆ. ಸೀಗಡಿ ಹಿಡಿಯಲು ಬಳಸುತ್ತಿದ್ದ ‘ಒಪೆರಾ ಹೌಸ್’ ಬಲೆಗಳಲ್ಲಿ ಹೊಕ್ಕ ಪ್ಲಾಟಿಪಸ್‌ಗಳು ಉಸಿರಿಗೆ ಮೇಲೆ ಬರಲಾಗದೆ ಕೆಲವೇ ನಿಮಿಷಗಳಲ್ಲಿ ಸಾಯುತ್ತಿದ್ದವು. 2021ರಲ್ಲಿ ರಾಜ್ಯ ಅವನ್ನು ನಿಷೇಧಿಸಿತು. ಕಸದ ಚೀಲಕ್ಕೆ ಹಾಕುವ ಮೊದಲು ಬಾಟಲಿ ಮುಚ್ಚಳದ ಕೆಳಗಿನ ಉಂಗುರ, ರಬ್ಬರ್ ಬ್ಯಾಂಡು, ತುಂಡು ಗಾಳದ ದಾರ, ಬಳೆಯಾಕಾರದ್ದು ಏನೇ ಇರಲಿ, ಕತ್ತರಿಸಿ ಹಾಕುವುದು ಬಿಡಾರದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು. ಒಂದು ಕತ್ತರಿ ಸಾಕು.

ಬೆಂಕಿ ಹಾಕುವ ಮೊದಲು ಅಂದು ನಿಷೇಧವಿದೆಯೇ ಎಂದು ತಿಳಿದಿರಬೇಕು. 2019ರ ನವೆಂಬರಿನ ಕಾಳ್ಗಿಚ್ಚು ನಿಂಬೋಯ್ಡಾದಲ್ಲಿ ಮನೆಮಠಗಳನ್ನು ಸುಟ್ಟುಹಾಕಿದ್ದನ್ನು ಅಲ್ಲಿನ ಜನ ಮರೆತಿಲ್ಲ. ಮರುಜನವರಿಯಲ್ಲಿ ಮಳೆ ಬಂದಾಗ ದಕ್ಷಿಣದ ಮೆಕ್ಲೇ ನದಿಗೆ ಬೂದಿ ಕೊಚ್ಚಿ ಬಂದು, ಕೊಳೆಯುವ ಭರದಲ್ಲಿ ನೀರಿನ ಆಮ್ಲಜನಕ ಮುಗಿದು, ಅಪಾರ ಸಂಖ್ಯೆಯಲ್ಲಿ ಮೀನು ಸತ್ತವು. ನದಿಯ ಉರುಟುಕಲ್ಲನ್ನು ಒಲೆಗೆ ಬಳಸಬಾರದು: ಬಿರುಕುಗಳಲ್ಲಿ ಸಿಕ್ಕ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗಲು ಹವಣಿಸಿದಾಗ ಕಲ್ಲು ಸಿಡಿಯುತ್ತದೆ. ಕೆಂಡವನ್ನು ಮರಳು ಮುಚ್ಚಿ ಆರಿಸಬಾರದು. ಮರಳು ಕಾವನ್ನು ಒಳಗೇ ಹಿಡಿದಿಡುತ್ತದೆ, ಗಂಟೆಗಟ್ಟಲೆ ಕಳೆದು ಅದರ ಮೇಲೆ ಕಾಲಿಟ್ಟ ಮಕ್ಕಳು ಸುಟ್ಟುಕೊಳ್ಳುತ್ತಾರೆ. ನೀರು ಸುರಿದು, ಕದಡಿ, ಮತ್ತೆ ಸುರಿದು, ಅಂಗೈ ಹತ್ತಿರ ಹಿಡಿದಾಗ ತಂಪೆನಿಸುವ ತನಕ ಬಿಡಬಾರದು.

ಅಪಾಯಗಳಲ್ಲಿ ಹಾವು ಎಲ್ಲರಿಗೂ ನೆನಪಾಗುತ್ತದೆ. ಅಲ್ಲಿ ಕಚ್ಚಿದ ಕೈಕಾಲಿಗೆ ಉದ್ದಕ್ಕೂ ಬಿಗಿ ಬ್ಯಾಂಡೇಜು ಸುತ್ತಿ, ದಬ್ಬೆ ಕಟ್ಟಿ ಅಲುಗಾಡದಂತೆ ಇಡುತ್ತಾರೆ. ಸ್ಟ್ರುವನ್ ಸದರ್‌ಲ್ಯಾಂಡ್ 1979ರಲ್ಲಿ ಮುಂದಿಟ್ಟ ಈ ಕ್ರಮ ದುಗ್ಧನಾಳಗಳ ಮೂಲಕ ವಿಷ ಹರಿಯುವುದನ್ನು ತಡಮಾಡುತ್ತದೆ. ನಮ್ಮ ಮಂಡಲದ ಹಾವಿನ ಕಡಿತಕ್ಕೆ ಇದನ್ನು ನಕಲು ಮಾಡಬಾರದು, ಅದರ ವಿಷ ಕಚ್ಚಿದಲ್ಲೇ ಮಾಂಸವನ್ನು ಕೊಳೆಸುವಂಥದು. ಹಾವಿಗಿಂತ ಹೆಚ್ಚಾಗಿ ಎದುರಾಗುವುದು ಉಣುಗು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಿಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಉಣುಗು ಕಡಿದ ಕೆಲವರಿಗೆ ಆಮೇಲೆ ದನ, ಕುರಿಯಂಥ ಪ್ರಾಣಿಗಳ ಮಾಂಸವೇ ಒಗ್ಗದಂತಾಗುತ್ತದೆ ಎಂಬುದನ್ನು ಸಿಡ್ನಿಯ ಶೆರಿಲ್ ವ್ಯಾನ್ ನ್ಯೂನೆನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು.

ಸಿಗ್ನಲ್ ಇಲ್ಲದಲ್ಲಿ ಕೊನೆಯ ಆಸರೆ ಅಂಗೈಯಗಲದ ತುರ್ತು ಬೀಕನ್. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಕೂಗು ಉಪಗ್ರಹಕ್ಕೆ ಹೋಗಿ, ಅಲ್ಲಿಂದ ರಕ್ಷಣಾ ಕೇಂದ್ರಕ್ಕೆ ಇಳಿಯುತ್ತದೆ. ಕಾಸ್ಪಾಸ್-ಸಾರ್ಸಾಟ್ ಎಂಬ ಈ ಅಂತರರಾಷ್ಟ್ರೀಯ ಜಾಲದ ಭಾರತದ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರಾಕ್‌ನಲ್ಲಿ.

ಬಿಡಾರ ಕಿತ್ತ ಮೇಲೂ ಒಂದು ಕೆಲಸ ಉಳಿಯುತ್ತದೆ. ಒಂದು ನದಿಯ ಕೆಸರನ್ನು ಇನ್ನೊಂದಕ್ಕೆ ಒಯ್ಯಬಾರದು. ಕಪ್ಪೆಗಳ ಚರ್ಮಕ್ಕೆ ಹತ್ತಿ ಅವನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವನ್ನು ವಿಜ್ಞಾನಿಗಳು 1998ರಲ್ಲಿ ಗುರುತಿಸಿದರು. ಅದರ ಬೀಜಕಗಳು ಬಾಲ ಬೀಸಿ ನೀರಿನಲ್ಲಿ ಈಜಬಲ್ಲವು, ಒದ್ದೆ ಬೂಟಿನಲ್ಲಿ, ದೋಣಿಯ ತಳದಲ್ಲಿ, ಮೀನಿನ ಬಲೆಯಲ್ಲಿ ಪಯಣಿಸಬಲ್ಲವು. ಅವಕ್ಕೆ ಆಗದ್ದು ಒಣಗುವಿಕೆ. ಬೂಟಿನ ಅಡಿಯ ಮಣ್ಣನ್ನು ಅದೇ ಜಮೀನಿನಲ್ಲಿ, ನೀರಿನಿಂದ ದೂರ, ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಬೀಜ ಅಂಟಿದ ಕಾಲುಚೀಲ, ಟೆಂಟಿನ ಅಂಚು ಕೊಡವಬೇಕು. ದೋಣಿ, ಬೂಟು, ಹಗ್ಗಗಳನ್ನು ಬಿಸಿಲಿಗೆ ಹರಡಿ ಹೊಲಿಗೆಯ ಸಂದು ಕೂಡ ಪೂರ್ತಿ ಒಣಗಿದ ಮೇಲೆಯೇ ಕಾರಿಗೆ ಏರಿಸಬೇಕು. ಮೋಡ ಕವಿದು ಒಣಗದಿದ್ದರೆ ಬೇರೆಯಾಗಿ ಚೀಲದಲ್ಲಿ ಕಟ್ಟಿ ಮನೆಗೆ ತಂದು ಒಣಗಿಸಬೇಕು. ದಾರಿಯಲ್ಲಿ ಇನ್ನೊಂದು ನದಿ ಸಿಕ್ಕಿ ಮೀಯುವ ಮನಸ್ಸಾದರೂ ಅದೇ ಬೂಟಿನಲ್ಲಿ ಇಳಿಯಬಾರದು.